ಸಾರಿದ್ದು ರದ್ದು

ತಮಟೆಯ ಸದ್ದು ಊರಬಾಗಿಲ ಕಡೆಯಿಂದ ಬಂದಾಗ ಅಕ್ಕಯಮ್ಮ ಹುಳದ ಮನೆಯಲ್ಲಿ ತಟ್ಟೆಯೊಂದರ ಮೇಲೆ ಬಗ್ಗಿ ನಿಂತಿದ್ದಳು. ಮೊದಲ ಪೆಟ್ಟಿಗೇ ಅವಳ ಬೆನ್ನು ನೆಟ್ಟಗಾಯಿತು. ಈಚೆಗೆ ಬೂದಿಗೆರೆಯಲ್ಲಿ ಯಾವ ತಮಟೆ ಕೇಳಿದರೂ, ತಪ್ಪಿಸಿಕೊಂಡ ಎಮ್ಮೆಯದಾಗಲಿ, ಸತ್ತವರದಾಗಲಿ, ಸರ್ಕಾರದ್ದಾಗಲಿ, ಅದು ಅಕ್ಕಯಮ್ಮನ ಮನೆ ಯಾವುದೆಂದು ಬೀದಿಯುದ್ದಕ್ಕೂ ವಿಚಾರಿಸಿಕೊಂಡು ಬರುತ್ತಿದೆ ಅನ್ನಿಸುವ ಒಂದು ಕಾಯಿಲೆ ಅವಳಿಗೆ ಹತ್ತಿಕೊಂಡಿತ್ತು. ಯಾರಿಗೂ ಹೇಳುವಂಥದ್ದಲ್ಲ. ಕಷಾಯ ಕುಡಿದರೆ ಹೋಗುವಂಥದ್ದೂ ಅಲ್ಲ. ತಟ್ಟೆಯಲ್ಲಿ ರೇಷ್ಮೆ ಹುಳಗಳು ಮೇವು ಬಿಟ್ಟಿದ್ದವು. ನಿನ್ನೆ ಸಂಜೆಯವರೆಗೂ ಹೆಂಚಿನ ಮೇಲೆ ಸೋನೆ ಬಿದ್ದ ಹಾಗೆ ಸರಸರ ಅಂದುಕೊಂಡು ಮೇಯುತ್ತಿದ್ದಂಥವು ಈಗ ಸೊಪ್ಪನ್ನು ತಿರುಗಿಯೂ ನೋಡದೆ, ತಲೆ ಎತ್ತಿ, ಗಾಳಿಯಲ್ಲಿ ಯಾರದೋ ಕೈ ಹುಡುಕುವಂತೆ ಅತ್ತಿತ್ತ ಆಡಿಸುತ್ತಿದ್ದವು. ಒಂದನ್ನು ಎತ್ತಿ ಬಾಗಿಲ ಬೆಳಕಿಗೆ ಹಿಡಿದಳು. ಬೆಳಕು ಅದರ ಮೈಯೊಳಗೆ ಹಾದು ಬಂತು. ಎಳೆ ಬೆಲ್ಲದ ಪಾಕದ ಬಣ್ಣ. ಹಣ್ಣಾಗಿದೆ. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ, ಬಿದಿರಿನ ದೊಡ್ಡ ತಟ್ಟಿಯ ಮೇಲೆ ಸುರುಳಿ ಸುರುಳಿಯಾಗಿ ದಬ್ಬೆ ಕಟ್ಟಿದ ಅದರ ಗೂಡಿನ ಜಾಗಕ್ಕೆ, ಹೊತ್ತು ಮೀರುವುದರೊಳಗೆ ಬಿಡಬೇಕು. ಬಿಡದಿದ್ದರೆ ಕಸದಲ್ಲೇ ನೂಲು ಸುರಿದು ಸುಮ್ಮನಾಗಿಬಿಡುತ್ತದೆ. ತಿಂಗಳ ದುಡಿಮೆ ಕಸದ ಜೊತೆ ತಿಪ್ಪೆಗೆ.

“ಅತ್ತೆ, ಎಲ್ಲಾ ಒಟ್ಟಿಗೇ ಹಣ್ಣಾಗ್ಬಿಟ್ವು,” ಅಂದಳು ಸೊಸೆ ವರಲಕ್ಷ್ಮಮ್ಮ, ಎದುರು ಸಾಲಿನ ತಟ್ಟೆಗಳ ಸಂದಿಯಿಂದ. “ಇವ್ರು ನೋಡಿದ್ರೆ ಬಾಡಿಗೆ ಚಂದ್ರಿಕೆ ತರ್ತೀನಿ ಅಂತ ವಿಜಯಪುರಕ್ಕೆ ಗಾಡಿ ಹೊಡ್ಕೊಂಡು ಹೋದೋರು ಇನ್ನೂ ಪತ್ತೆ ಇಲ್ಲ. ನಮ್ಮಿಬ್ಬರ ಕೈಲಿ ಆಗೋ ಮಾತಲ್ಲ ಇದು.”

“ಯಾರ್ನಾದ್ರೂ ಕರೆಯೋಣ.”

“ಯಾರ್ನ? ಎಲ್ಲಾರೂ ರಾಗಿ ಹೊಲದಲ್ಲವ್ರೆ. ಅಲ್ದೆ ಗೊತ್ತಿಲ್ದೋರ ಕೈಗೆ ಕೊಟ್ರೆ ಹಿಸುಕಿ ಹಾಕ್ತಾರೆ. ಬೆರಳು ತಿಳಿದೋರು ಬೇಕು.”

ಅಕ್ಕಯಮ್ಮ ಹಿತ್ತಿಲ ಗೋಡೆಯ ಕಡೆ ನೋಡಲಿಲ್ಲ. ವರಲಕ್ಷ್ಮಮ್ಮನೂ ನೋಡಲಿಲ್ಲ. ಇಬ್ಬರೂ ನೋಡದೆ ಇದ್ದದ್ದು ಇಬ್ಬರಿಗೂ ತಿಳಿಯಿತು. ಆ ಗೋಡೆಯಾಚೆ ತಂಗಿ ಲಕ್ಷ್ಮೀದೇವಮ್ಮನ ಮನೆ. ಒಂದೇ ಹೊಟ್ಟೆಯಲ್ಲಿ ಹುಟ್ಟಿ, ಒಂದೇ ಮನೆಯ ಅಣ್ಣತಮ್ಮಂದಿರಿಗೆ ಕೊರಳು ಕೊಟ್ಟು, ಒಂದೇ ಚಪ್ಪರದಡಿ ಧಾರೆಯಾದವರು. ಅಕ್ಕಯಮ್ಮನ ಗಂಡ ಹೋಗಿ ಬಹಳ ಕಾಲವಾಗಿತ್ತು. ಮನೆ ಪಾಲಾದಾಗ ನಡುವೆ ಎದ್ದ ಗೋಡೆ ಎದೆಯೆತ್ತರಕ್ಕೆ ನಿಂತಿತ್ತು. ಅಷ್ಟಕ್ಕೇ ಸಾಕು, ಇನ್ನೂ ಎತ್ತರಿಸಿದರೆ ಮಾತು ದಾಟಲ್ಲ ಅಂತ ಅವತ್ತು ನಗುನಗುತ್ತ ಕಲ್ಲು ನಿಲ್ಲಿಸಿದವಳು ತಾನೇ.

ತಮಟೆ ಹತ್ತಿರವಾಯಿತು. ಹುಳ ಹಣ್ಣಾದ ಮನೆಯ ಮುಂದೆ ಸದ್ದು ಮಾಡಬಾರದು. ಗುಡುಗಿಗೆ, ತಮಟೆಗೆ ಹುಳ ಬೆದರಿ ನೂಲು ಕಡಿದುಕೊಳ್ಳುತ್ತದೆ ಅನ್ನುವುದು ಊರಿನ ನಂಬಿಕೆ. ಮದುವೆ ದಿಬ್ಬಣ ಕೂಡ ಅಂಥ ಮನೆ ದಾಟುವವರೆಗೂ ವಾದ್ಯ ನಿಲ್ಲಿಸಿಕೊಂಡು ಕಳ್ಳರ ಹಾಗೆ ಹೋಗುತ್ತದೆ. ಅಕ್ಕಯಮ್ಮ ಕೈ ಅಡ್ಡ ಹಿಡಿದುಕೊಂಡು ಬೀದಿಗೆ ಓಡಿದಳು. ತಳವಾರ ಆವಲಪ್ಪ ಆಗಲೇ ಬೇವಿನ ಮರದ ಹತ್ತಿರ ನಿಂತು, ತಮಟೆಯ ಮುಖವನ್ನು ಎದೆಗೆ ಒತ್ತಿ ಹಿಡಿದಿದ್ದ. ಊರಿನ ಸುದ್ದಿ, ಸರ್ಕಾರದ ಸುದ್ದಿ ಎರಡನ್ನೂ ಸಾರಿ ಸಾರಿ ಅವನ ಗಂಟಲು ಒಡೆದ ಮಡಕೆಯ ಹಾಗಾಗಿತ್ತು.

“ಗೊತ್ತಮ್ಮಾ, ಹುಳ ಹಣ್ಣು. ವಾಸನೇಲೇ ಗೊತ್ತಾಯ್ತು. ಬಾಯಲ್ಲೇ ಹೇಳಿ ಹೋಗ್ತೀನಿ,” ಅಂದು ಅವನು ಗಂಟಲು ತಗ್ಗಿಸಿದ. “ಗಾಡಿ ಇರೋ ಮನೇವ್ರು ದಂಡಿನ ಕೆಲಸಕ್ಕೆ ವಾರಕ್ಕೊಂದು ದಿನ ಗಾಡಿ ಕಳಿಸ್ಬೇಕು ಅಂತ ಇತ್ತಲ್ಲ ಹುಕುಂ, ಅದು ಇವತ್ತಿನಿಂದ ರದ್ದಾಗೈತೆ. ಯುದ್ಧ ನಿಂತೋಯ್ತಲ್ಲ.”

“ರದ್ದು ಅಂದ್ರೆ?”

“ಇತ್ತು. ಇನ್ಮೇಲೆ ಇಲ್ಲ.”

“ಮುಗೀತು ಅಂತಲಾ?”

“ಮುಗಿಯೋದೇ ಬೇರೆ ಕಣಮ್ಮಾ. ಮುಗಿಯೋದು ತಾನಾಗೇ ಮುಗೀತದೆ. ಇದು ಹಾಕಿದೋರೇ ಕೈಯಾರ ತಗದಿರೋದು.”

“ಹಾಕಿದ್ದನ್ನ ತಗಿಯಕ್ಕೆ ನಾಚಿಕೆ ಆಗಲ್ವಾ ಸರ್ಕಾರಕ್ಕೆ?”

“ನಾಚಿಕೆ ಪಡಕ್ಕೆ ಮುಖ ಇರ್ಬೇಕಲ್ಲಮ್ಮಾ,” ಅಂದು ಆವಲಪ್ಪ ತಮಟೆಯನ್ನು ಬಗಲಿಗೆ ಸಿಕ್ಕಿಸಿಕೊಂಡು, ಬೆಕ್ಕಿನ ಹೆಜ್ಜೆ ಇಟ್ಟು ಮನೆ ದಾಟಿದ.

ಅವನು ಹೋದ ಮೇಲೂ ಅವಳು ಬೇವಿನ ನೆರಳಲ್ಲೇ ನಿಂತಿದ್ದಳು. ಗಾಡಿಯ ಸುದ್ದಿ ಸಂತೋಷದ್ದೇ. ಮಗ ಗೋಪಾಲಪ್ಪ ಕೇಳಿದರೆ ಎತ್ತುಗಳ ಕೊಂಬಿಗೆ ಎಣ್ಣೆ ಹಚ್ಚುತ್ತಾನೆ. ಆದರೆ ಅವಳ ಒಳಗೆ ಕುಣಿಯುತ್ತಿದ್ದದ್ದು ಗಾಡಿಯಲ್ಲ. ಹಾಕಿದವರೇ ತೆಗೆಯಬಹುದು. ಹಾಗೆ ತೆಗೆಯುವುದಕ್ಕೆ ಒಂದು ಹೆಸರೂ ಇದೆ. ಹೆಸರಿದೆ ಅಂದ ಮೇಲೆ ಬೇರೆ ಯಾರೋ ಅದನ್ನು ಮೊದಲೇ ಮಾಡಿರಬೇಕು, ಮಾಡಿ ಬದುಕಿಯೂ ಇರಬೇಕು. ಮೂರು ವರ್ಷದ ಹಿಂದೆ ಇಂಥದೇ ಒಂದು ಬೆಳಿಗ್ಗೆ ಇದೇ ಬೇವಿನ ಕೆಳಗೆ ಇದೇ ಆವಲಪ್ಪನನ್ನು ನಿಲ್ಲಿಸಿಕೊಂಡು, ಹೇಳು, ನಾನು ಹೇಳಿದ ಹಾಗೇ ಹೇಳು, ಅಂದಿದ್ದಳು. ಹೆಂಗಸೊಬ್ಬಳು ಮನೆಮಾತಿಗೆ ತಮಟೆ ಹೊಡೆಸಿದ್ದು ಊರಲ್ಲಿ ಅದೇ ಮೊದಲು. ಮನೆಯವರ ಮಾತು ಸಾರಿಸುವುದಾದರೆ ಸಾರಿಸುವವರೂ ತಮಟೆಯ ಹಿಂದೆ ನಡೆಯಬೇಕು, ಮಾತು ಯಾರದೆಂದು ಊರಿಗೆ ಕಾಣಬೇಕು, ಇದು ಹಿಂದಿನಿಂದ ಬಂದ ಪದ್ಧತಿ. ಅವಳು ಸೆರಗು ಬಿಗಿದು, ಕತ್ತು ಸೆಟೆದು, ನೆಲ ನೋಡದೆ ನಡೆದಿದ್ದಳು. ಕೇಳ್ರಪ್ಪೋ ಕೇಳ್ರಿ, ಅಕ್ಕಯಮ್ಮೋರ ಮನೆಗೂ ಲಕ್ಷ್ಮೀದೇವಮ್ಮೋರ ಮನೆಗೂ ಇವತ್ತಿನಿಂದ ಬೆಂಕಿ ಇಲ್ಲ, ನೀರಿಲ್ಲ, ಬಾಗಿಲಿಲ್ಲ. ತನ್ನ ಬಾಗಿಲಲ್ಲಿ ಮೊದಲು, ಆಮೇಲೆ ತಂಗಿಯ ಬಾಗಿಲಲ್ಲಿ, ಆಮೇಲೆ ಬಾವಿ, ಅರಳಿಕಟ್ಟೆ, ಕಡೆಗೆ ಸಪ್ಪಲಮ್ಮನ ಗುಡಿ. ತಂಗಿಯ ಬಾಗಿಲಲ್ಲಿ ಸಾರುವಾಗ ತಂಗಿ ಕಂಬ ಹಿಡಿದು ನಿಂತಿದ್ದಳು. ಅವಳ ಮೂಗುಬೊಟ್ಟು ಮಾತ್ರ ಅಲ್ಲಾಡುತ್ತಿತ್ತು. ಆ ಮೂಗುಬೊಟ್ಟು ಇವತ್ತಿಗೂ ಅಕ್ಕಯಮ್ಮನ ಕಣ್ಣ ಮುಂದೆ ಹೊಳೆಯುತ್ತದೆ, ಮುದ್ದೆ ಕಟ್ಟುವಾಗ, ಹಟ್ಟಿ ಗುಡಿಸುವಾಗ, ಸುಮ್ಮಸುಮ್ಮನೆ.

ಕಾರಣ ಊರಿಗೆ ಗೊತ್ತಿದ್ದದ್ದು ಒಂದು. ಕಡೆಯ ಜ್ವರ ಎದ್ದು, ಅಂದರೆ ಹುಳ ಪೊರೆ ಕಳಚುವ ಕೊನೆಯ ನಿದ್ದೆಯಿಂದ ಎದ್ದು, ಕೊಟ್ಟಷ್ಟೂ ಸೊಪ್ಪು ಮೇಯುವ ಹೊತ್ತಿನಲ್ಲಿ ತಂಗಿ ಹುಳದ ಮನೆಗೆ ಬಂದಿದ್ದಳು. ತಂಗಿಗೆ ಹೊಗೆಸೊಪ್ಪಿನ ಚಟ. ಹೊಗೆಸೊಪ್ಪಿನ ಗಾಳಿ ಸೋಕಿದರೂ ಹುಳ ಉಳಿಯದು. ಎರಡೇ ದಿನಕ್ಕೆ ಹುಳವೆಲ್ಲ ಮೆತ್ತಗಾಗಿ ಕಪ್ಪಿಟ್ಟು ಹೋಯಿತು. ಯಾರು ಕೇಳಿದರೂ ಹೌದೆನ್ನುವ ಕಾರಣ. ಊರಿಗೆ ಗೊತ್ತಿಲ್ಲದ್ದು ಇನ್ನೊಂದು. ತಂಗಿ ಬಂದ ದಿನದ ಬೆಳಗಿನ ಜಾವ ಜಡಿಮಳೆ ಹಿಡಿದು ತೋಟದ ಸೊಪ್ಪೆಲ್ಲ ನೆಂದಿತ್ತು. ಒದ್ದೆ ಸೊಪ್ಪು ಹುಳಕ್ಕೆ ವಿಷ, ಒರೆಸಿ ಆರಿಸಿ ಹಾಕಬೇಕು. ಸೊಸೆ ತವರಿಗೆ ಹೋಗಿದ್ದಳು, ಹುಳ ಹಸಿದು ತಲೆಯಾಡಿಸುತ್ತಿತ್ತು, ಆ ತಲೆಗಳನ್ನು ನೋಡಲಾರದೆ ಅಕ್ಕಯಮ್ಮ ಸೊಪ್ಪನ್ನು ಸೆರಗಿನಲ್ಲಿ ಹಾಗೇ ನಾಲ್ಕು ಸಲ ಕೊಡವಿ ಹಾಕಿಬಿಟ್ಟಿದ್ದಳು. ಕರುಣೆಯೋ, ಆತುರವೋ, ಸೋಮಾರಿತನವೋ, ಅವತ್ತೂ ಗೊತ್ತಾಗಲಿಲ್ಲ. ಕಪ್ಪಿಟ್ಟ ಹುಳಗಳನ್ನು ಗುಡ್ಡೆ ಹಾಕಿ ನಿಂತಾಗ ಬಾಯಿ ತಾನಾಗಿ ತಂಗಿಯ ಹೆಸರು ಹೇಳಿತು. ಹೇಳಿದ ಮೇಲೆ ಮಾತನ್ನು ನಿಜ ಮಾಡಬೇಕಾಯಿತು. ನಿಜ ಮಾಡಲು ಜೋರು ಮಾಡಬೇಕಾಯಿತು. ಜೋರು ಸಾಲದೆ ತಮಟೆ ಬೇಕಾಯಿತು.

“ಕೈ ಹುಡುಕ್ಕೊಂಡು ಬರ್ತೀನಿ ಕಣೇ,” ಎಂದು ಒಳಗೆ ಕೂಗಿ ಹೇಳಿ, ಅಕ್ಕಯಮ್ಮ ರಾಗಿ ಹೊಲದ ದಾರಿ ಬಿಟ್ಟು ಸ್ಕೂಲಿನ ದಾರಿ ಹಿಡಿದಳು. ಕಾಲಿಗೆ ಅಷ್ಟು ಗೊತ್ತಿದ್ದದ್ದು ತಲೆಗೆ ಗೊತ್ತಾಗಲು ಬಾವಿ ದಾಟಬೇಕಾಯಿತು. ಸ್ಕೂಲು ನಡೆಯುತ್ತಿದ್ದ ಗುಡಿಯ ಪೌಳಿಯಲ್ಲಿ ನರಸಿಂಹಯ್ಯ ಮೇಷ್ಟ್ರು ಮಗ್ಗಿ ಹೇಳಿಸುತ್ತಿದ್ದರು. ಅವಳನ್ನು ಕಂಡು ಬೆತ್ತದಿಂದ ಬೆನ್ನು ಕೆರೆದುಕೊಳ್ಳುವುದನ್ನು ನಿಲ್ಲಿಸಿದರು.

“ಏನಮ್ಮಾ ಅಕ್ಕಯಮ್ಮ, ನಿನ್ನನ್ನೂ ಒಂದನೇ ಕ್ಲಾಸಿಗೆ ಸೇರಿಸ್ಕೊಳ್ಳಲಾ?”

“ಸೇರ್ಸಿ ಮೇಷ್ಟ್ರೇ, ಹುಳ ಗೂಡಿಗೆ ಬಿಟ್ಟು ಬರ್ತೀನಿ. ಒಂದ್ ಮಾತು ಕೇಳ್ಬೇಕಿತ್ತು. ರದ್ದು ಅಂತಾರಲ್ಲ, ಅದನ್ನ ಯಾವ್ಯಾವ್ದಕ್ಕೆ ಹೇಳ್ಬೋದು?”

ಮೇಷ್ಟ್ರಿಗೆ ಇಷ್ಟು ಖುಷಿಯಾದ ಪ್ರಶ್ನೆಯನ್ನು ಈ ಊರಲ್ಲಿ ಯಾರೂ ಕೇಳಿರಲಿಲ್ಲ. ಜಗಲಿಯಂಚಿಗೆ ಬಂದು ಕೂತರು. “ನೋಡಮ್ಮ. ನಾಳೆ ಸ್ಕೂಲಿಲ್ಲ ಅಂದ್ರೆ ಅದು ರಜಾ. ಪರೀಕ್ಷೆ ಬರೋ ತಿಂಗಳು ಅಂದ್ರೆ ಅದು ಮುಂದಕ್ಕೆ ಹಾಕಿದ್ದು. ತಪ್ಪು ಮಾಡಿದೋನಿಗೆ ಹೋಗಲಿ ಬಿಡು ಅಂದ್ರೆ ಅದು ಮಾಫಿ. ಇವು ಯಾವುವೂ ರದ್ದಲ್ಲ. ಅಧಿಕಾರ ಇರೋರು ಒಂದು ಆಜ್ಞೆ ಹಾಕಿ, ಅವರೇ ಆ ಆಜ್ಞೆ ಇನ್ನು ಇಲ್ಲ ಅಂದ್ರೆ, ಆಗ ಅದು ರದ್ದು.”

“ಸಿಟ್ಟು ರದ್ದು ಮಾಡ್ಬೋದಾ?”

“ಸಿಟ್ಟು ಇಳಿಯುತ್ತೆ. ಅದನ್ನ ಹುಕುಂ ಕೊಟ್ಟು ಏರಿಸಿಕೊಂಡಿರ್ತೀವಾ, ರದ್ದು ಮಾಡೋಕೆ?”

“ನೆಂಟಸ್ತಿಕೆ?”

ಮೇಷ್ಟ್ರು ಅವಳ ಮುಖ ನೋಡಿದರು. ಅವರೂ ಇದೇ ಊರಿನವರು. ಮೂರು ವರ್ಷದ ಹಿಂದೆ ಆ ತಮಟೆ ಗುಡಿಯ ಮುಂದೆ ಬಂದಾಗ ಮಕ್ಕಳ ಮಗ್ಗಿ ನಿಲ್ಲಿಸಿ ಕೇಳಿದವರು. “ಅದು ಯಾರ ಹುಕುಮಿನಿಂದಲೂ ಬಂದದ್ದಲ್ಲ. ಹಾಗಾಗಿ ಯಾರ ಹುಕುಮಿನಿಂದಲೂ ಹೋಗೋದೂ ಇಲ್ಲ. ಅದರ ಮೇಲೆ ಹಾಕಿದ ಕಟ್ಟಳೆ ಇದ್ದರೆ, ಕಟ್ಟಳೆ ಮಾತ್ರ ರದ್ದಾಗುತ್ತೆ.”

“ಹೆಂಗೆ ಮಾಡೋದು ಮತ್ತೆ?”

“ಹಾಕಿದೋರೇ ಮಾಡಬೇಕು. ಎಲ್ಲೆಲ್ಲಿ ಸಾರಿದ್ರೋ ಅಲ್ಲೆಲ್ಲ ಸಾರಬೇಕು. ಒಂದು ಕಡೆ ಬಿಟ್ಟರೂ ಆ ಕಡೆ ಅದು ಬದುಕೇ ಇರುತ್ತೆ.”

ಹಿಂದೆ ಮಗ್ಗಿ ಮತ್ತೆ ಎದ್ದಿತು. ಅಕ್ಕಯಮ್ಮ ಪೌಳಿಯಿಂದಿಳಿದು ನಡೆಯುವಾಗ ಆ ಮಾತು ಬಾಯಲ್ಲಿ ಎಳೆ ಹುಣಸೆಕಾಯಿಯ ಹಾಗೆ ಹುಳಿ ಬಿಡುತ್ತ ಹೊರಳುತ್ತಿತ್ತು. ರದ್ದು. ಹಲ್ಲಿಗೆ ನಾಲಗೆ ತಾಗಿಸಿ ಬಿಟ್ಟರೆ ಆಯಿತು, ಅಗುಳಿ ಜಾರಿದ ಹಾಗೆ. ಎದುರು ಸಿಕ್ಕ ಬೇಲಿಗೆ ಹೇಳಿ ನೋಡಿದಳು, ನೀನು ರದ್ದು. ಬೇಲಿ ಇದ್ದಲ್ಲೇ ಇತ್ತು; ಬೇಲಿ ಹಾಕಿದವಳು ಅವಳಲ್ಲ. ಮಂಡಿನೋವಿಗೆ ಹೇಳಿದಳು. ಅದೂ ಕೇಳಲಿಲ್ಲ. ತನ್ನದೇ ಎಂದು ತಾನು ಹಾಕಿದ್ದು ಈ ಲೋಕದಲ್ಲಿ ಒಂದೇ ಒಂದು ಹುಕುಂ, ಅದೊಂದನ್ನು ತೆಗೆಯುವ ಅಧಿಕಾರ ಅಮಲ್ದಾರರಿಗೂ ಇಲ್ಲ, ಮಹಾರಾಜರಿಗೂ ಇಲ್ಲ, ಇವಳಿಗೇ, ಅನ್ನಿಸಿದಾಗ ಅವಳಿಗೆ ನಗು ಬಂತು, ಬೀದಿಯಲ್ಲಿ ಒಬ್ಬಳೇ ನಕ್ಕಳು. ಚಿಕ್ಕಂದಿನಲ್ಲಿ ತಂಗಿ ಇವಳ ಬೆನ್ನಿಗೆ ಜೋತುಬಿದ್ದುಕೊಂಡೇ ತೋಟಕ್ಕೆ ಬರುತ್ತಿದ್ದಳು. ಇಳಿ ಅಂದರೆ ಇಳಿಯದೆ, ಹಣ್ಣಾದ ಹುಳವನ್ನು ಇವಳ ಹೆಗಲ ಮೇಲಿಂದಲೇ ಕೈಚಾಚಿ ಆರಿಸುತ್ತಿದ್ದಳು. ಆ ಬೆರಳುಗಳಿಗೆ ಕಣ್ಣಿದ್ದವು. ನೂರು ಹುಳದಲ್ಲಿ ಹಣ್ಣಾದ ಒಂದನ್ನು ಮುಟ್ಟದೆಯೇ ಗುರುತು ಹಿಡಿಯುವವು. ಈ ಮೂರು ವರ್ಷ ಪ್ರತಿ ಬೆಳೆಯಲ್ಲೂ ಹುಳ ಹಣ್ಣಾದಾಗ ತನ್ನ ಎಡಗಡೆ ಒಂದು ಖಾಲಿ ಜಾಗ ನಿಂತಿರುತ್ತಿತ್ತು. ಅಲ್ಲಿಗೆ ಸೊಸೆ ಬಂದು ನಿಂತರೆ, ಅತ್ತ ಹೋಗು, ಗಾಳಿ ಬರಲಿ, ಅಂತ ಸುಳ್ಳು ಹೇಳಿ ಕಳಿಸುತ್ತಿದ್ದಳು.

ಹೇಳಿಬಿಡುವುದೇನೋ ಸುಲಭ. ಗೋಡೆಯ ಹತ್ತಿರ ಹೋಗಿ, ಲೇ ಲಚ್ಚಿ, ಬಾರೇ, ಅನ್ನಬಹುದು. ಎಷ್ಟೋ ಸಲ ಗೋಡೆಯವರೆಗೂ ಹೋಗಿದ್ದಳು. ಆದರೆ ಬೈದದ್ದು ಊರಿಗೆಲ್ಲ ಕೇಳುವ ಹಾಗೆ, ಕರೆಯುವುದು ಹಿತ್ತಿಲಲ್ಲಿ ಕದ್ದು ಅಂದರೆ, ತಂಗಿ ಬಂದರೂ ಬರಬಹುದು. ಆ ಮೂಗುಬೊಟ್ಟು ಮಾತ್ರ ನಿಲ್ಲುವುದಿಲ್ಲ. ಮೇಷ್ಟ್ರು ಹೇಳಿದ್ದೇ ಸರಿ. ಸಾರಿದ ಕಡೆಯಲ್ಲೆಲ್ಲ.

ಆವಲಪ್ಪ ಅರಳಿಕಟ್ಟೆಯ ಮೇಲೆ ತಮಟೆಯನ್ನು ಬಿಸಿಲಿಗೆ ಒರಗಿಸಿ ಕೂತು ಸುಸ್ತಾರಿಸಿಕೊಳ್ಳುತ್ತಿದ್ದ. ಅವಳು ವಿಷಯ ಹೇಳಿದಾಗ ಅವನು ತಮಟೆಯನ್ನೇ ಅಭಿಪ್ರಾಯ ಕೇಳುವಂತೆ ಸ್ವಲ್ಪ ಹೊತ್ತು ನೋಡಿದ.

“ನಮ್ಮಪ್ಪನ ಕಾಲದಿಂದ ಮನೆಮಾತು ಸಾರಿದ್ದು ಐತೆ. ತಗದದ್ದು ಇಲ್ಲಮ್ಮ. ಯಾವ ಗತ್ತಲ್ಲಿ ಹೊಡೀಲಿ? ಸಾವಿಂದು ಒಂದ್ ಗತ್ತು, ಹುಕುಮಿಂದು ಒಂದ್ ಗತ್ತು.”

“ಬೆಳಿಗ್ಗೆ ಸರ್ಕಾರದ್ದು ಯಾವ್ದ್ರಲ್ಲಿ ಹೊಡ್ದೆ?”

“ಹುಕುಮಿಂದ್ರಲ್ಲೇ.”

“ಹಂಗಾದ್ರೆ ನಂದೂ ಅದ್ರಲ್ಲೇ. ನಾನೇನ್ ಕಮ್ಮಿ?”

“ಹಿಂದೆ ನಡೀಬೇಕಾಯ್ತದೆ ಅಮ್ಮ, ಮರೆತಿದ್ದೀರೇನೋ.”

“ಮರೆತಿದ್ರೆ ನಿನ್ ಹತ್ರ ಯಾಕ್ ಬರ್ತಿದ್ದೆ ಆವಲಪ್ಪ. ಏಳು, ಹುಳ ಕಾಯಲ್ಲ.”

ಕಟ್ಟೆಯಲ್ಲೇ ಮೊದಲ ಸಾರಿಕೆ. ಕೇಳ್ರಪ್ಪೋ ಕೇಳ್ರಿ, ಅಕ್ಕಯಮ್ಮೋರ ಮನೆಗೂ ಲಕ್ಷ್ಮೀದೇವಮ್ಮೋರ ಮನೆಗೂ ಬೆಂಕಿ ನೀರು ಬಾಗಿಲು ಇಲ್ಲ ಅಂತ ಸಾರಿದ್ದು ರದ್ದಾಗೈತೆ. ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಮುದುಕರು ಎಲೆಗೆ ಸುಣ್ಣ ಸವರುವುದನ್ನು ಅರ್ಧಕ್ಕೆ ನಿಲ್ಲಿಸಿದರು. ಅವಳು ಮೂರು ವರ್ಷದ ಹಿಂದಿನ ಹಾಗೆ ಕತ್ತು ಸೆಟೆಯಲು ನೋಡಿದಳು, ಆಗಲಿಲ್ಲ. ಬಗ್ಗಿಸಲು ನೋಡಿದಳು, ಅದೂ ಆಗಲಿಲ್ಲ. ಕಡೆಗೆ ಕತ್ತನ್ನು ಅದರ ಪಾಡಿಗೆ ಬಿಟ್ಟು ನಡೆದಳು. ಸಪ್ಪಲಮ್ಮನ ಗುಡಿಯಲ್ಲಿ ಮಗ್ಗಿ ಹೇಳುವ ಮಕ್ಕಳೆಲ್ಲ ಪೌಳಿಯಂಚಿಗೆ ಬಂದು, ಮೇಷ್ಟ್ರು ಬೇಡವೆನ್ನದೆ ಇದ್ದುದರಿಂದ, ರದ್ದು ರದ್ದು ಎಂದು ಹಾಡಿದರು. ನಾಚಿಕೆ ಅನ್ನುವುದು ಮೈಮೇಲೆ ತಣ್ಣೀರು ಸುರಿದುಕೊಂಡ ಹಾಗೆ. ಮೊದಲ ಚೊಂಬಿಗೆ ಜೀವ ಹೋಗುತ್ತದೆ, ಆಮೇಲೆ ಇನ್ನೊಂದು ಚೊಂಬು ಬೇಕೆನ್ನಿಸುತ್ತದೆ. ಬಾವಿಯ ಹತ್ತಿರ ಬರುವ ಹೊತ್ತಿಗೆ ಅವಳು ಆವಲಪ್ಪನಿಗಿಂತ ಒಂದು ಹೆಜ್ಜೆ ಮುಂದಿದ್ದಳು. ಅವನು, “ಹಿಂದೆ ಅಮ್ಮ, ಹಿಂದೆ,” ಎನ್ನಬೇಕಾಯಿತು.

ಬಾವಿಯ ಹತ್ತಿರ ಹೆಂಗಸರಿದ್ದರು. ಸಾರಿದ್ದು ಕೇಳಿ, ಎದುರು ಮನೆಯ ಅಂಜಿನಮ್ಮ ಹಗ್ಗ ಹಿಡಿದ ಕೈಯನ್ನು ಸೊಂಟಕ್ಕಿಟ್ಟುಕೊಂಡಳು.

“ಇವತ್ತಿನಿಂದಾನಾ ಅಕ್ಕಯಕ್ಕ? ಹಂಗಾದ್ರೆ ನೆನ್ನೆವರ್ಗೂ ನಿನ್ ಸೊಸೆ ಗೋಡೆ ಮೇಲಿಂದ ಇಸ್ಕೊಂತಿದ್ದ ಕೆಂಡ, ಮಜ್ಜಿಗೆ, ಹುಣಸೆ ತೊಕ್ಕು, ಅವೆಲ್ಲಾ ಏನು?”

ಬಾವಿಕಟ್ಟೆಯೆಲ್ಲ ನಕ್ಕಿತು. ತುಂಬಿದ ಕೊಡ ಒಂದು ಯಾರದೋ ಸೊಂಟದಿಂದ ಜಾರಿ ನೀರು ಚೆಲ್ಲಿತು. ಅಕ್ಕಯಮ್ಮನೂ ನಗಲಿಲ್ಲವೆಂದಲ್ಲ, ಅವಳ ನಗು ತಡವಾಗಿ ಬಂತು, ಏಕೆಂದರೆ ಅದು ಬಹಳ ದೂರದಿಂದ ಬರಬೇಕಿತ್ತು. ತೊಕ್ಕು. ಗೊತ್ತಿತ್ತಲ್ಲ. ಮೆಂತ್ಯವನ್ನು ಒಂದಿಷ್ಟು ಹೆಚ್ಚೇ ಹುರಿದು ಕುಟ್ಟುವ ಆ ಕೈ ಇಡೀ ದೇವನಹಳ್ಳಿ ಸೀಮೆಯಲ್ಲಿ ಒಂದೇ. ಅಮ್ಮ ಇಬ್ಬರಿಗೂ ಕಲಿಸಿದಳು, ಹತ್ತಿದ್ದು ತಂಗಿಗೆ ಮಾತ್ರ. ಅನ್ನದ ಪಕ್ಕ ಅದು ಬಿದ್ದ ಮೊದಲ ದಿನ ನಾಲಗೆ ಎಲ್ಲವನ್ನೂ ಹೇಳಿತ್ತು. ತವರಿಂದ ತಂದೆಯೇನೇ ಎಂದು ಸೊಸೆಯನ್ನು ಕೇಳಿದ್ದಳು, ಹೂಂ ಎಂದಿದ್ದಳು ಸೊಸೆ. ಇಬ್ಬರೂ ಮೂರು ವರ್ಷ ಆ ಹೂಂ ಒಂದನ್ನು ಉಪ್ಪಿನ ಜಾಡಿಯ ಹಾಗೆ ಮುಚ್ಚಿಟ್ಟುಕೊಂಡು ಊಟ ಮಾಡಿದ್ದರು. ಸೊಸೆ ಹೋಗುತ್ತಿದ್ದಳು, ಮಗ ಗೋಪಾಲಪ್ಪ ಚಿಕ್ಕಮ್ಮನ ಹೊಲ ಉತ್ತುಕೊಟ್ಟು ಬೇರೆಲ್ಲೋ ಹೋಗಿದ್ದೆ ಅನ್ನುತ್ತಿದ್ದ, ಕರು ಹೋಗುತ್ತಿತ್ತು, ಕೋಳಿ ಹೋಗುತ್ತಿತ್ತು. ಹಾಗಾದರೆ ಈ ಹುಕುಂ ಇಷ್ಟು ದಿನ ಜಾರಿಯಲ್ಲಿ ಇದ್ದದ್ದು ಯಾರ ಮೇಲೆ? ಊರಿಗೆಲ್ಲ ಸಾರಿಸಿ, ಊರಿನವರೆಲ್ಲ ಒಂದು ಕಿವಿಯಲ್ಲಿ ಕೇಳಿ ಬಿಟ್ಟ ಮೇಲೆ, ಅದನ್ನು ತಪ್ಪದೆ ಪಾಲಿಸಿದವಳು ತಾನೊಬ್ಬಳೇ. ಒಬ್ಬಳನ್ನೇ ಹೊರಗೆ ಹಾಕಲು ಅಷ್ಟು ದೊಡ್ಡ ತಮಟೆ.

“ತೊಕ್ಕಿಗೆ ಯಾವ ಹುಕುಮೂ ತಾಗಲ್ಲ ಕಣೇ ಅಂಜಿನಿ,” ಅಂದಳು. “ನಡಿ ಆವಲಪ್ಪ.”

ತಂಗಿಯ ಬಾಗಿಲು ಬಂದಾಗ ಮಾತ್ರ ಕಾಲು ನಿಂತಿತು. ಅದೇ ಕಂಬ. ಕಂಬದ ಬಳಿ ತಂಗಿ ಇರಲಿಲ್ಲ. ಜಗಲಿಯಲ್ಲಿ ಅವಳ ಗಂಡ, ಮೈದುನ ಅಪ್ಪಯ್ಯಣ್ಣ, ಕತ್ತಾಳೆ ನಾರು ಹೊಸೆಯುತ್ತ ಕೂತಿದ್ದ. ಪಕ್ಕದಲ್ಲಿ ಬೆಕ್ಕು. ಗೋಡೆಯಾಚೆಯ ಹುಳಕ್ಕೆ ಕೇಳದಂತೆ ಆವಲಪ್ಪ ಬೆರಳಲ್ಲೇ ತಟ್ಟಿ ಸಾರಿ ಮುಗಿಸುವವರೆಗೂ ಅವನು ಹುರಿ ಬಿಡಲಿಲ್ಲ.

“ಯಾರಿಗೆ ಸಾರ್ಸಿದೆ ಅತ್ಗೆ? ಮನೇಲಿರೋದು ನಾನೂ ಬೆಕ್ಕೂ. ಇದು ನಿಮ್ಮನೆ ದಾರಿ ಯಾವತ್ತೂ ಬಿಟ್ಟಿಲ್ಲ.”

“ಅವಳೆಲ್ಲಿ?”

“ಕಟ್ಟೇಲಿ ತಮಟೆ ಎದ್ದಿದ್ದೇ ಎದ್ದು ಹೋದ್ಲು. ಎಲ್ಲಿಗೆ ಅಂತ ಹೇಳ್ಲಿಲ್ಲ.”

ಅಕ್ಕಯಮ್ಮನಿಗೆ ಬೀದಿ ಒಂದು ಗಳಿಗೆ ಓರೆಯಾಯಿತು. ಇನ್ನೊಂದು ಸಲ ಆ ಕಂಬ ಹಿಡಿದು ನಿಂತು ಕೇಳಲಾರೆ ಎಂದು ಹೋಗಿರಬೇಕು. ಹೊಲಕ್ಕೋ, ಕೆರೆ ಏರಿಗೋ. ಸಾರುವ ಮಾತು ಯಾವುದಾದರೇನು, ತಮಟೆ ತಮಟೆಯೇ, ಅದರ ಹಿಂದೆ ನಡೆದು ಬರುವವಳು ಇವಳೇ. ಹೇಗೆ ಹೊಳೆಯಲಿಲ್ಲ. ಬೆಳಿಗ್ಗೆ ತನಗೇ ಬೆನ್ನು ನೆಟ್ಟಗಾದದ್ದು ಮರೆತೇ ಹೋಯಿತೇ.

ಅಪ್ಪಯ್ಯಣ್ಣ ಹುರಿಯ ತುದಿಯನ್ನು ಕಾಲ್ಬೆರಳಿಗೆ ಸಿಕ್ಕಿಸಿ, ಜಗಲಿಯ ಗೂಡಿನ ಕಡೆ ಗಲ್ಲ ಎತ್ತಿ ತೋರಿಸಿದ. “ಅಲ್ನೋಡು ಅತ್ಗೆ. ಹೊಗೆಸೊಪ್ಪಿನ ಸಂಚಿ ಇಲ್ಲೇ ಬಿಟ್ಟವ್ಳೆ. ಬಾಯಿ ಮುಕ್ಕಳಿಸಿ, ಕೈಗೆ ಬೂದಿ ಹಾಕಿ ತಿಕ್ಕಿ ತಿಕ್ಕಿ ತೊಳ್ಕೊಂಡು ಹೋದ್ಲು. ಅವ್ಳು ಇದನ್ನ ಬಿಟ್ಟು ಹೋಗೋದು ಒಂದೇ ಕಡೆಗೆ.” ಆಮೇಲೆ, ಹುರಿಯನ್ನು ನೋಡಿಕೊಂಡೇ ಹೇಳಿದ, “ಅವತ್ತೂ ಇಲ್ಲೇ ಬಿಟ್ಟು ಬಂದಿದ್ಲು.”

ಹುಳದ ಮನೆಗೆ ಹೋಗುವವರು ಮಾತ್ರ ಹಾಗೆ ಕೈ ತೊಳೆಯುತ್ತಾರೆ. ಅಕ್ಕಯಮ್ಮ ತನ್ನ ಮನೆಯ ಕಡೆ ಹೊರಟಳು. ಸಂದಿಯಲ್ಲಿ ತಿರುಗುವಾಗ ಅವಳ ನಡಿಗೆ ನಡಿಗೆಯಾಗಿ ಉಳಿಯಲಿಲ್ಲ, ಆವಲಪ್ಪ ಹಿಂದಿನಿಂದ ತಮಟೆ ಹಿಡಿದುಕೊಂಡು ಓಡಿ ಬರಬೇಕಾಯಿತು. ಬೇವಿನ ಮರದ ಹತ್ತಿರ ಇಬ್ಬರೂ ಏದುಸಿರಿನಲ್ಲಿ ನಿಂತರು. ಉಳಿದದ್ದು ಇದೊಂದೇ ಜಾಗ. ಅವತ್ತು ಮೊದಲು ಸಾರಿದ್ದು ಇಲ್ಲಿ, ತನ್ನದೇ ಬಾಗಿಲಲ್ಲಿ. ಒಂದು ಕಡೆ ಬಿಟ್ಟರೂ ಅದು ಬದುಕೇ ಇರುತ್ತದೆ. ಆದರೆ ಒಳಗೆ ಹುಳ ಹಣ್ಣು.

ಆವಲಪ್ಪ ಹೆಗಲ ಟವಲ್ಲು ತೆಗೆದು ತಮಟೆಯ ಮುಖಕ್ಕೆ ಹೊದಿಸಿದ, ಮಲಗಿದ ಮಗುವಿಗೆ ಹೊದಿಸುವ ಹಾಗೆ. “ಇಲ್ಲಿ ನಂದು ನಡೆಯಲ್ಲಮ್ಮ,” ಎಂದು ಪಿಸುಗುಟ್ಟಿದ. “ನೀವೇ ಬಾಯಲ್ಲಿ ಹೇಳ್ಬೇಕು. ಮೆಲ್ಲಗೆ.”

ಹುಳದ ಮನೆಯ ಬಾಗಿಲು ಓರೆಯಾಗಿತ್ತು. ಒಳಗಿನ ತಂಪು, ಸೊಪ್ಪಿನ ವಾಸನೆ ಮುಖಕ್ಕೆ ಬಂತು. ಮಾತಿಲ್ಲ, ಹುಳ ಆರಿಸುವಾಗ ಯಾರೂ ಮಾತಾಡುವುದಿಲ್ಲ. ಬಳೆಯ ಸದ್ದು ಮಾತ್ರ, ಇಬ್ಬರದು. ಒಂದು ಸೊಸೆಯದು. ಇನ್ನೊಂದು ಬಳೆ ಸದ್ದನ್ನು ಅವಳು ತಾನು ಹುಟ್ಟಿದ ಮನೆಯಲ್ಲೂ ಕೇಳಿದ್ದಳು, ಸೇರಿದ ಮನೆಯಲ್ಲೂ ಕೇಳಿದ್ದಳು. ಊರೆಲ್ಲದರ ಮುಂದೆ ತಮಟೆಯ ಹಿಂದೆ ನಡೆದವಳು ಈ ಓರೆ ಬಾಗಿಲನ್ನು ತಳ್ಳಲಿಲ್ಲ. ಹೊಸಿಲ ಈಚೆಗೇ ನಿಂತು, ಸೆರಗು ಸರಿಮಾಡಿಕೊಂಡು, ಸರ್ಕಾರ ಪಿಸುಮಾತಿನಲ್ಲಿ ಆಡಿದರೆ ಹೇಗೋ ಹಾಗೆ ಹೇಳಿದಳು.

“ಕೇಳ್ರಪ್ಪೋ ಕೇಳ್ರಿ. ಈ ಮನೆಗೂ ಲಕ್ಷ್ಮೀದೇವಮ್ಮನ ಮನೆಗೂ ಬೆಂಕಿ ಇಲ್ಲ, ನೀರಿಲ್ಲ, ಬಾಗಿಲಿಲ್ಲ ಅಂತ ನಾನು ಸಾರಿಸಿದ್ದು ರದ್ದಾಗೈತೆ.”

ಬಳೆಗಳು ನಿಂತವು. ಒಳಗಿಂದ ಒಂದು ದನಿ, ಅದೂ ಪಿಸುದನಿಯೇ, ಬಾಗಿಲ ಸಂದಿಗೆ ಬಂತು.

“ಕೇಳಿಸ್ಲಿಲ್ಲ ಕಣಕ್ಕ. ಇನ್ನೊಂದ್ಸಲ ಸಾರು.”

ಸೊಸೆ ಸೆರಗಿಗೆ ಬಾಯಿ ಒತ್ತಿಕೊಂಡು ನಗುತ್ತಿರುವುದು ಇಲ್ಲಿಗೇ ತಿಳಿಯುತ್ತಿತ್ತು. ಬೇವಿನ ಕೆಳಗೆ ಆವಲಪ್ಪ ತಮಟೆ ತಬ್ಬಿಕೊಂಡು ಆಕಾಶ ನೋಡಿದ. ಅಕ್ಕಯಮ್ಮ ಮತ್ತೆ ಹೇಳಿದಳು, ಮೊದಲಿನಷ್ಟೇ ಮೆಲ್ಲಗೆ. ಆದರೆ ಈ ಸಲ ಮಾತು ಅಲ್ಲಿಗೆ ನಿಲ್ಲದೆ, ಇಳಿಜಾರಿನಲ್ಲಿ ಗಾಡಿ ಹೋದ ಹಾಗೆ ಮುಂದಕ್ಕೆ ಹೋಯಿತು.

“...ರದ್ದಾಗೈತೆ. ಹೊಗೆಸೊಪ್ಪಿಂದಲ್ಲ ಅವತ್ತು. ಸೊಪ್ಪು ಒದ್ದೆ ಇತ್ತು. ನಾನೇ ಹಾಕಿದ್ದೆ.”

“ಗೊತ್ತು,” ಅಂದಿತು ಒಳಗಿನ ದನಿ. “ತಟ್ಟೇಲಿದ್ದ ಸೊಪ್ಪು ಮುಟ್ಟಿ ನೋಡಿದ್ದೆ. ಹೇಳೋಣ ಅಂತ ಬಾಯಿ ತೆಗೆಯೋ ಹೊತ್ತಿಗೆ ನೀನು ತಮಟೆ ತಂದ್ಬಿಟ್ಟೆ.”

“ಊರಿಗೆ ಹೇಳ್ಬೋದಿತ್ತಲ್ಲೇ.”

“ಹೇಳಿದ್ರೆ ನಿನ್ನ ಹುಳದ ಕೈ ಅಂತ ಹೆಸರಿತ್ತಲ್ಲ, ಅದು ಹೋಗ್ತಿತ್ತು. ನಂದೇನು, ಹೊಗೆಸೊಪ್ಪಿನೋಳು ಅಂತ ಇದ್ದೇ ಇತ್ತು. ಈಗ ಅಲ್ಲೇ ನಿಂತು ಪಂಚಾಯ್ತಿ ಮಾಡ್ತೀಯೋ, ಒಳಕ್ಕೆ ಬರ್ತೀಯೋ? ನಿನ್ನ ಹುಳ ನಿನ್ನ ತಂಗಿ ಹಂಗೆ ಮೂರು ವರ್ಷ ಕಾಯ್ತಾವಾ?”

ಅಕ್ಕಯಮ್ಮ ಕೈ ತೊಳೆದು ಒಳಗೆ ಹೋದಳು. ತಂಗಿ ಎರಡನೇ ಸಾಲಿನ ತಟ್ಟೆಯ ಮುಂದೆ, ಎಡಗಡೆಯಲ್ಲಿ, ಆ ಖಾಲಿ ಜಾಗದಲ್ಲಿ ನಿಂತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಗೋಡೆಯ ಮೇಲಿಂದ ಅದು ಕಂಡಿರಲಿಲ್ಲ. ಮೂಗುಬೊಟ್ಟು ಅಲುಗುತ್ತಿತ್ತು, ನಗು ತಡೆದು. ಅವಳು ಅಕ್ಕನ ಕಡೆ ತಿರುಗದೆಯೇ ಒಂದು ಹುಳ ಎತ್ತಿ ಅವಳ ಅಂಗೈಗೆ ಇಟ್ಟಳು. ಅದು ತಲೆ ಎತ್ತಿ, ಅತ್ತ ಆಡಿ, ಇತ್ತ ಆಡಿ, ಅಕ್ಕಯಮ್ಮನ ಹೆಬ್ಬೆರಳು ಸಿಕ್ಕಿದ್ದೇ ಸಾಕೆಂಬಂತೆ ಅಲ್ಲಿಗೇ ಮೊದಲ ಎಳೆಯನ್ನು ಅಂಟಿಸಿತು. ಕಾಣದಷ್ಟು ಸಣ್ಣ ಎಳೆ. ಬಿಡಿಸಲು ಮನಸ್ಸಾಗಲಿಲ್ಲ. ಬೀದಿಯ ತುದಿಯಲ್ಲಿ ಗೋಪಾಲಪ್ಪನ ಗಾಡಿ ಬರುವ ಸದ್ದು ಕೇಳಿತು, ಎತ್ತುಗಳ ಗೆಜ್ಜೆ. ಆಮೇಲೆ ಆವಲಪ್ಪ ಓಡಿ ಹೋಗಿ ಅವನನ್ನು ತಡೆದು, ಗೆಜ್ಜೆ ಬಿಚ್ಚಪ್ಪಾ, ಒಳಗೆ ಹಣ್ಣು, ಅಂದದ್ದು. ಆಮೇಲೆ ಏನೂ ಇಲ್ಲ, ಗೆಜ್ಜೆ ಬಿಚ್ಚಿದ ಎತ್ತುಗಳು ಮಣ್ಣಿನ ಮೇಲೆ ಮೆತ್ತಗೆ ಹೆಜ್ಜೆಯಿಟ್ಟು ಚಂದ್ರಿಕೆಗಳನ್ನು ಮನೆಗೆ ತರುತ್ತಿದ್ದ ಸದ್ದು ಮಾತ್ರ.